ವಿಕಾಸಾತ್ಮಕ ಅಲ್ಗಾರಿದಮ್: ವಿಕಿರಣದ ಸೆಕೆಂಡುಗಳನ್ನು ಹೊಂದಿಸುವ ಲೆಕ್ಕ

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮೈಯೊಳಗಿನಿಂದಲೇ ವಿಕಿರಣ ಕೊಡುವ ಬ್ರ್ಯಾಕಿಥೆರಪಿ ಎಂಬ ಚಿಕಿತ್ಸೆಯಿದೆ. ಗ್ರಂಥಿಯೊಳಕ್ಕೆ 15-20 ಟೊಳ್ಳು ಕೊಳವೆಗಳನ್ನು ಚುಚ್ಚಿ ಕೂರಿಸುತ್ತಾರೆ. ವಿಕಿರಣ ಸೂಸುವ, ಅಕ್ಕಿಕಾಳಿಗಿಂತ ಸಪೂರವಾದ ಇರಿಡಿಯಂ-192 ಲೋಹದ ತುಣುಕೊಂದು ತಂತಿಯ ತುದಿಯಲ್ಲಿ ಕುಳಿತು ಒಂದೊಂದೇ ಕೊಳವೆಯೊಳಗೆ ಹೋಗಿ, ಕೆಲವೇ ಮಿಲಿಮೀಟರ್‌ಗೊಮ್ಮೆ ನಿಂತು ಮುಂದೆ ಸರಿಯುತ್ತದೆ. ಯಾವ ನಿಲುಗಡೆಯಲ್ಲಿ ಎಷ್ಟು ಸೆಕೆಂಡು? ಇದನ್ನು ಗೊತ್ತುಮಾಡುವುದೇ ಚಿಕಿತ್ಸಾ ಯೋಜನೆಯ ತಿರುಳು. ನಿಲುಗಡೆಗಳು ನೂರನ್ನು ಮೀರುತ್ತವೆ. ಸಮಯ ಹೆಚ್ಚಾದರೆ ಗ್ರಂಥಿಯ ನಡುವೆಯೇ ಹಾದುಹೋಗುವ ಮೂತ್ರನಾಳ, ಹಿಂದಿರುವ ಗುದನಾಳ, ಮೇಲಿರುವ ಮೂತ್ರಕೋಶ ಪೆಟ್ಟು ತಿನ್ನುತ್ತವೆ. ಕಡಿಮೆಯಾದರೆ ಕ್ಯಾನ್ಸರ್ ಉಳಿಯುತ್ತದೆ. ಕೊಳವೆಗಳು ಮೈಯಲ್ಲಿರುವಾಗಲೇ ಈ ಲೆಕ್ಕ ಮುಗಿಯಬೇಕು. ರೋಗಿ ಕಾಯುತ್ತಾ ಮಲಗಿರುತ್ತಾರೆ.

ವಿಕಾಸಾತ್ಮಕ ಅಲ್ಗಾರಿದಮ್ ಎಂದರೆ ಜೀವವಿಕಾಸದ ಜಾಡಿನಲ್ಲೇ ಉತ್ತರ ಹುಡುಕುವ ಲೆಕ್ಕವಿಧಾನ. 1960ರ ದಶಕದಲ್ಲಿ ಜರ್ಮನಿಯ ಇಂಗೊ ರೆಖೆನ್‌ಬರ್ಗ್, ಅಮೆರಿಕದ ಜಾನ್ ಹಾಲೆಂಡ್ ಮುಂತಾದವರು ಬೇರೆ ಬೇರೆಯಾಗಿ ಇದಕ್ಕೆ ಬುನಾದಿ ಹಾಕಿದರು. ಕಂಪ್ಯೂಟರ್ ಮೊದಲಿಗೆ ಒಂದು ರಾಶಿ ಯೋಜನೆಗಳನ್ನು ಕಣ್ಣುಮುಚ್ಚಿ ಹುಟ್ಟಿಸುತ್ತದೆ. ಒಂದೊಂದೂ ಸೆಕೆಂಡುಗಳ ಉದ್ದನೆಯ ಸಾಲು. ಜೀವಿಗೆ ವರ್ಣತಂತು ಇದ್ದಂತೆ. ಪ್ರತಿ ಸಾಲಿನಿಂದ ಗ್ರಂಥಿಗೆಷ್ಟು, ಸುತ್ತಲಿನ ಅಂಗಗಳಿಗೆಷ್ಟು ವಿಕಿರಣ ತಾಗುತ್ತದೆಂದು ಲೆಕ್ಕಹಾಕಿ ಕಳಪೆಯವನ್ನು ಕೈಬಿಡುತ್ತದೆ. ಉಳಿದವುಗಳಲ್ಲಿ ಒಂದರ ತುಂಡನ್ನು ಇನ್ನೊಂದರ ತುಂಡಿಗೆ ಜೋಡಿಸುವುದು ಸಂಕರ. ಅಲ್ಲೊಂದು ಇಲ್ಲೊಂದು ಅಂಕಿಯನ್ನು ತುಸು ಬದಲಿಸುವುದು ಉತ್ಪರಿವರ್ತನೆ. ಹೀಗೆ ಪೀಳಿಗೆಯ ಮೇಲೆ ಪೀಳಿಗೆ. ರೈತರು ಒಳ್ಳೆಯ ತೆನೆಯನ್ನು ಬಿತ್ತನೆಗೆ ಎತ್ತಿಡುತ್ತಾ ತಳಿಯನ್ನು ಸುಧಾರಿಸುವ ಕ್ರಮವೇ ಇದು, ಆದರೆ ವರ್ಷಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

ಇದರ ನಿಜವಾದ ಹೆಚ್ಚುಗಾರಿಕೆ ವೇಗದಲ್ಲಿಲ್ಲ ಎಂಬುದು ನನ್ನ ಅನಿಸಿಕೆ. ಗ್ರಂಥಿಗೆ ಇಷ್ಟು ಮಹತ್ವ, ಮೂತ್ರನಾಳಕ್ಕೆ ಇಷ್ಟು ಎಂದು ಮೊದಲೇ ತೂಕ ಕಟ್ಟಿ ಲೆಕ್ಕಕ್ಕಿಳಿಯುವ ವಿಧಾನದಲ್ಲಿ ಸಿಗುವುದು ಒಂದೇ ಉತ್ತರ. ಅದು ಒಪ್ಪಿಗೆಯಾಗದಿದ್ದರೆ ತೂಕ ಬದಲಿಸಿ ಮತ್ತೆ ಮೊದಲಿನಿಂದ ಶುರು. ವಿಕಾಸಾತ್ಮಕ ಅಲ್ಗಾರಿದಮ್ ಇಡೀ ಗುಂಪನ್ನೇ ಸಾಕುವುದರಿಂದ ಹಲವು ಉತ್ತರಗಳನ್ನು ಒಟ್ಟಿಗೆ ಮುಂದಿಡಬಲ್ಲದು. ಅವುಗಳಲ್ಲಿ ಯಾವುದೂ ಇನ್ನೊಂದನ್ನು ಎಲ್ಲ ವಿಷಯದಲ್ಲೂ ಮೀರಿಸುವುದಿಲ್ಲ: ಇದರಲ್ಲಿ ಗ್ರಂಥಿಗೆ ವಿಕಿರಣ ಚೆನ್ನಾಗಿ ತಲುಪುತ್ತದೆ, ಅದರಲ್ಲಿ ಮೂತ್ರಕೋಶ ಹೆಚ್ಚು ಸುರಕ್ಷಿತ. ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ ಹೆಸರಿನಲ್ಲಿ ಇಂಥ ಗುಂಪನ್ನು ಪರೇಟೊ ಫ್ರಂಟ್ ಎನ್ನುತ್ತಾರೆ.

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 2020ರಲ್ಲಿ ಬ್ರೈಟ್ ಎಂಬ ಇಂಥ ವಿಧಾನವನ್ನು ಪ್ರಾಸ್ಟೇಟ್ ಬ್ರ್ಯಾಕಿಥೆರಪಿಗೆ ಅಳವಡಿಸಿಕೊಂಡಿತು. ವೈದ್ಯರು ಪರದೆಯ ಮೇಲೆ ಯೋಜನೆಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಈ ರೋಗಿಗೆ ಮೊದಲೇ ಮೂತ್ರದ ತೊಂದರೆ ಇದೆಯೇ, ಗಡ್ಡೆ ಯಾವ ಅಂಚಿಗಿದೆ ಎಂದು ತೂಗಿ ನೋಡಿ, ಒಂದನ್ನು ಆರಿಸುತ್ತಾರೆ.