ಕೂಲರ್ ಮುಂದೆ ನಾಯಿ ಯಾಕೆ ಬೇಗ ಒಣಗಲ್ಲ?

ಬೇಸಿಗೆಯಲ್ಲಿ ನಾಯಿಗೆ ಸ್ನಾನ ಮಾಡಿಸಿ ಸೀದಾ ಕೂಲರ್ ಮುಂದೆ ಕಟ್ಟುವುದು ಕಲಬುರಗಿಯ ಮನೆಗಳಲ್ಲಿ ಕಾಣುವಂಥದ್ದೇ. ಗಾಳಿ ಜೋರಾಗಿದೆ, ಬೇಗ ಒಣಗುತ್ತದೆ ಅನ್ನಿಸುತ್ತದೆ ಅಲ್ವಾ? ಆದರೆ ಆ ಗಾಳಿ ನೆನೆದ ಪ್ಯಾಡ್ ದಾಟಿ ಬರುವಾಗಲೇ ತೇವ ತುಂಬಿಕೊಂಡಿರುತ್ತದೆ. ನಾಯಿಯ ಮೈಮೇಲಿನ ನೀರನ್ನು ಹೀರಲು ಅದರಲ್ಲಿ ಜಾಗವೇ ಕಡಿಮೆ. ಕಿಟಕಿ ತೆರೆದು ಸೀಲಿಂಗ್ ಫ್ಯಾನ್ ಹಾಕಿ. ಏಪ್ರಿಲ್, ಮೇ ತಿಂಗಳ ನಮ್ಮ ಒಣಗಾಳಿ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಅದಕ್ಕೂ ಮೊದಲು ದೊಡ್ಡ ಪಾಲು ಕೆಲಸವನ್ನು ನಾಯಿಯೇ ಮುಗಿಸುತ್ತದೆ. ಪ್ರಾಣಿಗಳು ಮೈ ಕೊಡವುವುದನ್ನು ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು ವೇಗದ ಕ್ಯಾಮೆರಾದಲ್ಲಿ ಹಿಡಿದು 2012ರಲ್ಲಿ ಪ್ರಕಟಿಸಿದರು. ಸುಂಡಿಲಿ ಸೆಕೆಂಡಿಗೆ ಸುಮಾರು 30 ಸಲ ಅಲುಗುತ್ತದೆ, ಲ್ಯಾಬ್ರಡಾರ್ 4ರಿಂದ 5 ಸಲ. ಮೈ ಚಿಕ್ಕದಾದಷ್ಟೂ ಹನಿ ಕಿತ್ತೆಸೆಯಲು ವೇಗ ಜಾಸ್ತಿ ಬೇಕು. ನಾಯಿಯ ಚರ್ಮ ಸಡಿಲ. ಮೂಳೆ ಒಂದಿಷ್ಟು ತಿರುಗಿದರೆ ಚರ್ಮ ಅದಕ್ಕಿಂತ ದೂರ ತಿರುಗುತ್ತದೆ, ನೀರು ಸಿಡಿಯುತ್ತದೆ. ಕೆಲವೇ ಸೆಕೆಂಡಿನಲ್ಲಿ ಕೂದಲಿನ ಅರ್ಧಕ್ಕಿಂತ ಜಾಸ್ತಿ ನೀರು ಗೋಡೆಗೆ! ಗೋಡೆ ಒದ್ದೆಯಾಯಿತೆಂದು ಬೈದು ತಡೆಯಬೇಡಿ. ಬಚ್ಚಲಿನಲ್ಲೇ ಎರಡು ಸಲ ಕೊಡವಲಿ.

ಆಮೇಲೆ ಟವೆಲ್. ಹೊಸದಕ್ಕಿಂತ ಒಗೆದು ಒಗೆದು ಮೆತ್ತಗಾದ ಹಳೆ ಹತ್ತಿ ಬಟ್ಟೆ ಚೆನ್ನಾಗಿ ಹೀರುತ್ತದೆ. ಉಜ್ಜಬೇಡಿ, ಉದ್ದ ಕೂದಲು ಗಂಟು ಬೀಳುತ್ತದೆ. ಒತ್ತಿ ಹಿಡಿದು ಬಿಡಿ, ಮತ್ತೆ ಒತ್ತಿ. ಈ ಹಂತ ಮುಖ್ಯ ಅನ್ನಲು ಕಾರಣವಿದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಅದೇ ಒಂದು ಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲರಿ ಸಾಕು. ಆವಿಗೆ ಬೇಕಾದ ಶಾಖದಲ್ಲಿ ಒಂದು ಪಾಲು ನಾಯಿಯ ಮೈಯಿಂದಲೇ ಹೋಗುತ್ತದೆ, ಮೈ ತಂಪಾಗುತ್ತದೆ. ಬಟ್ಟೆ ಹೀರಿದ ನೀರಿಗೆ ಈ ಖರ್ಚೇ ಇಲ್ಲ. ಮೇ ತಿಂಗಳಲ್ಲಿ ಆ ತಂಪು ಹಿತವೇ. ಡಿಸೆಂಬರಿನ ಬೀದರ್ ಚಳಿಯಲ್ಲಿ ಮರಿ ನಾಯಿಗೆ, ಮುದಿ ನಾಯಿಗೆ ಅದು ಅಪಾಯ. ಅಲ್ಲಿ ಮಧ್ಯಾಹ್ನದ ಬಿಸಿಲಲ್ಲೇ ಸ್ನಾನ ಮಾಡಿಸಿ.

ಬೇಸಿಗೆಯ ಬಿಸಿಲಿಗೆ ಮಾತ್ರ ಬಿಡಬೇಡಿ. ಮಾಳಿಗೆಯ ಶಹಾಬಾದ್ ಕಲ್ಲು ನಮ್ಮ ಅಂಗಾಲನ್ನೇ ಸುಡುತ್ತದೆ, ಅದರ ಪಾದಕ್ಕೂ ಹಾಗೇ. ಹೇರ್ ಡ್ರೈಯರ್ ಇದ್ದರೆ ತಣ್ಣನೆ ಗಾಳಿಯಲ್ಲಿಡಿ, ಒಂದೇ ಕಡೆ ಹಿಡಿಯಬೇಡಿ.

ನನಗೆ ಜಾಸ್ತಿ ಚಿಂತೆ ಮಳೆಗಾಲದ್ದು. ಗಾಳಿಯೇ ತೇವವಾಗಿರುವಾಗ ಪೊಮೆರೇನಿಯನ್, ಜರ್ಮನ್ ಶೆಫರ್ಡ್‌ಗಳ ಮೇಲ್ಗೂದಲು ಒಣಗಿದರೂ ಒಳಗಿನ ದಟ್ಟ ಕೂದಲು ತಾಸುಗಟ್ಟಲೆ ಹಸಿಯಾಗಿರುತ್ತದೆ. ಬ್ಯಾಕ್ಟೀರಿಯಾ, ಯೀಸ್ಟ್ ಬೆಳೆಯುವುದು ಅಲ್ಲೇ. ತುರಿಕೆ, ನೆಕ್ಕಾಟ, ನಂತರ ಹುಣ್ಣು. ಕಿವಿ ಹಿಂದೆ, ಕಂಕುಳಲ್ಲಿ, ಬಾಲದ ಬುಡದಲ್ಲಿ ಕೂದಲು ಬಿಡಿಸಿ ಚರ್ಮಕ್ಕೆ ಬೆರಳಿನ ಹಿಂಭಾಗ ತಾಗಿಸಿ. ತಣ್ಣಗಿದ್ದರೆ ಇನ್ನೂ ನೀರಿದೆ. ನಾಯಿಯ ಕಿವಿನಾಳ ಕೆಳಗಿಳಿದು ಒಳಕ್ಕೆ ತಿರುಗುವುದರಿಂದ ಅಲ್ಲಿ ಸೇರಿದ ನೀರು ಸುಲಭಕ್ಕೆ ಹೊರಬರುವುದಿಲ್ಲ. ಕಾಣುವಷ್ಟು ಭಾಗವನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಬಡ್ಸ್ ತೂರಿಸಬೇಡಿ. ಮರುದಿನ ತಲೆ ಒಂದೇ ಸಮನೆ ಅಲ್ಲಾಡಿಸುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ.