‘ತಲೈವಿ’: ಬದುಕಿನ ಕಥೆಯಲ್ಲಿ ನಟಿಯೇ ಕಳೆದುಹೋದದ್ದು ಹೇಗೆ?

2016ರ ಡಿಸೆಂಬರ್‌ 5ರಂದು ಜಯಲಲಿತಾ ತೀರಿಕೊಂಡ ಮೇಲೆ ಅವರ ಬದುಕನ್ನು ತೆರೆಗೆ ತರಲು ಪೈಪೋಟಿಯೇ ನಡೆಯಿತು. ನಿತ್ಯಾ ಮೆನನ್‌ ನಾಯಕಿ ಎಂದು ಘೋಷಣೆಯಾಗಿದ್ದ ಚಿತ್ರ ತೆರೆ ಕಾಣಲಿಲ್ಲ. 2019ರ ವೆಬ್‌ ಸರಣಿ ‘ಕ್ವೀನ್‌’ ನಾಯಕಿಗೆ ಬೇರೆ ಹೆಸರಿಟ್ಟುಕೊಂಡು ಬಂತು. ಎ.ಎಲ್‌. ವಿಜಯ್‌ ನಿರ್ದೇಶಿಸಿ, ಕಂಗನಾ ರನೌತ್‌ ನಟಿಸಿದ ‘ತಲೈವಿ’ ಕೋವಿಡ್‌ನಿಂದ ಮುಂದಕ್ಕೆ ಹೋಗುತ್ತಾ ಹೋಗಿ 2021ರ ಸೆಪ್ಟೆಂಬರ್‌ 10ಕ್ಕೆ ಬಿಡುಗಡೆಯಾಯಿತು.

ಅಷ್ಟರಲ್ಲಿ ಜಯಲಲಿತಾ ಅವರ ಅಣ್ಣನ ಮಗಳು ದೀಪಾ ಚಿತ್ರಕ್ಕೆ ತಡೆ ಕೋರಿ ಮದ್ರಾಸ್‌ ಹೈಕೋರ್ಟ್‌ ಮೆಟ್ಟಿಲೇರಿದ್ದರು. ಕೋರ್ಟ್‌ ತಡೆ ಕೊಡಲಿಲ್ಲ. ಕಾನೂನಿನ ದಾರಿ ತೆರೆದೇ ಇತ್ತು, ಆದರೂ ಚಿತ್ರ ಮೈಯೆಲ್ಲ ಎಚ್ಚರವಾಗಿಯೇ ನಡೆಯಿತು. ತಮಿಳು ನಟ, ಮುಖ್ಯಮಂತ್ರಿಯಾಗಿದ್ದ ಎಂಜಿಆರ್‌ ಅದರಲ್ಲಿ ‘ಎಂಜೆಆರ್‌’ ಆದರು. ಕಥೆ ಜಯಲಲಿತಾ ಅವಮಾನಕ್ಕೊಳಗಾದ 1989ರ ಮಾರ್ಚ್‌ 25ರ ತಮಿಳುನಾಡು ವಿಧಾನಸಭೆ ಗದ್ದಲದಲ್ಲಿ ಶುರುವಾಗಿ, ಅವರು ಮುಖ್ಯಮಂತ್ರಿಯಾದ 1991ರ ಪ್ರಮಾಣವಚನಕ್ಕೆ ನಿಂತಿತು. 2014ರ ಸೆಪ್ಟೆಂಬರ್‌ 27ರಂದು ಅಕ್ರಮ ಆಸ್ತಿ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕೊಟ್ಟ ತೀರ್ಪು, ಪರಪ್ಪನ ಅಗ್ರಹಾರದ ಜೈಲು ಎಲ್ಲವೂ ಚೌಕಟ್ಟಿನ ಹೊರಗೇ ಉಳಿದವು.

ಪೆಟ್ಟು ಬಿದ್ದದ್ದು ಇಲ್ಲೇ. ಅವಮಾನದಿಂದ ಆರಂಭಿಸಿ ಅಧಿಕಾರದಲ್ಲಿ ಮುಗಿಸಬೇಕೆಂದು ಮೊದಲೇ ಗೊತ್ತುಮಾಡಿಕೊಂಡರೆ ನಡುವಿನ ಪ್ರತಿ ದೃಶ್ಯವೂ ಅದಕ್ಕೆ ಕಾರಣ ಒದಗಿಸುವ ಕೆಲಸಕ್ಕೆ ಬೀಳುತ್ತದೆ. ಶೂಟಿಂಗ್‌ ಸೆಟ್ಟು ದುಡಿಮೆಯ ಜಾಗವಾಗಿ ಉಳಿಯದೆ, ಎಂಜಿಆರ್‌ ಅವರನ್ನು ಭೇಟಿಯಾಗುವ ಜಾಗವಷ್ಟೇ ಆಗುತ್ತದೆ.

ನಿಜವಾದ ಸರಕು ಇದ್ದದ್ದು ಆ ದುಡಿಮೆಯಲ್ಲಿ. ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಹುಡುಗಿಯ ತಾಯಿ ವೇದವಲ್ಲಿ, ಸಂಧ್ಯಾ ಎಂಬ ಹೆಸರಿನಲ್ಲಿ ನಟಿಯಾಗಿದ್ದವರು. ಮಗಳನ್ನು ನಾಯಕಿಯಾಗಿ ಪರಿಚಯಿಸಿದ್ದು ಕನ್ನಡದ ‘ಚಿನ್ನದ ಗೊಂಬೆ’, 1964ರಲ್ಲಿ, ನಿರ್ದೇಶಕರು ಬಿ.ಆರ್‌. ಪಂತುಲು. ಮರುವರ್ಷ ಶ್ರೀಧರ್‌ ಅವರ ‘ವೆಣ್ಣಿರ ಆಡೈ’. ಸೆನ್ಸಾರ್‌ ಅದಕ್ಕೆ ‘ಎ’ ಸರ್ಟಿಫಿಕೇಟ್‌ ಕೊಟ್ಟಿತು. ನಾಯಕಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ, ಹಾಗಾಗಿ ತನ್ನದೇ ಸಿನಿಮಾವನ್ನು ಥಿಯೇಟರಿಗೆ ಹೋಗಿ ನೋಡುವಂತಿರಲಿಲ್ಲ! ಇಂಥದ್ದೊಂದು ಸಂಗತಿಯೇ ಸಾಕು, ಇಡೀ ದೃಶ್ಯ ತಾನಾಗಿ ಎದ್ದು ನಿಲ್ಲುತ್ತದೆ. ಅದೇ 1965ರಲ್ಲಿ ಪಂತುಲು ಈ ಹುಡುಗಿಯನ್ನು ‘ಆಯಿರತ್ತಿಲ್‌ ಒರುವನ್‌’ ಚಿತ್ರದಲ್ಲಿ ಎಂಜಿಆರ್‌ ಎದುರು ನಿಲ್ಲಿಸಿದರು. 1973ರ ಹೊತ್ತಿಗೆ ಈ ಜೋಡಿಯ ಚಿತ್ರಗಳು 28. ಜೊತೆಗೆ ತೆಲುಗು, ಕನ್ನಡ. ಒಂದು ಭಾಷೆಯ ಸಂಭಾಷಣೆ ಬಾಯಿಪಾಠ ಮಾಡುತ್ತಲೇ ಇನ್ನೊಂದಕ್ಕೆ ಬಣ್ಣ ಹಚ್ಚಬೇಕಾದ ದಿನಗಳು. ಮುಂದೆ ಸಭೆಗಳಲ್ಲಿ ಜನ ಕಂಡ ಆ ನಿಲುವು, ಆ ದನಿ ಪಳಗಿದ್ದು ಈ ವರ್ಷಗಳಲ್ಲೇ. ‘ತಲೈವಿ’ಯಲ್ಲಿ ಇವು ಹಾಡು ಮತ್ತು ಒಲವಿನ ನಡುವೆ ಸರಿದುಹೋಗುತ್ತವೆ. ಅರವಿಂದ್‌ ಸ್ವಾಮಿ ಎಂಜಿಆರ್‌ ಹಾವಭಾವವನ್ನು ಸೊಗಸಾಗಿ ಹಿಡಿದಿದ್ದಾರೆ, ನಾಯಕಿಗೆ ಅಂಥ ಬಿಡುವನ್ನು ಚಿತ್ರಕಥೆ ಕೊಟ್ಟಿಲ್ಲ.

ಬಿಡುಗಡೆಯೂ ಕೈಹಿಡಿಯಲಿಲ್ಲ. ಹಿಂದಿ ಅವತರಣಿಕೆ ಎರಡೇ ವಾರಕ್ಕೆ ಒಟಿಟಿಗೆ ಹೋಗುವ ಒಪ್ಪಂದವಾಗಿತ್ತು. ನಾಲ್ಕು ವಾರದ ಅಂತರ ಬೇಕೆಂದ ದೊಡ್ಡ ಮಲ್ಟಿಪ್ಲೆಕ್ಸ್‌ಗಳು ಹಿಂದಿ ಆವೃತ್ತಿಗೆ ಪರದೆ ಕೊಡಲಿಲ್ಲ. ಸೆಪ್ಟೆಂಬರ್‌ 25ಕ್ಕೆ ಅದು ನೆಟ್‌ಫ್ಲಿಕ್ಸ್‌ನಲ್ಲಿತ್ತು.