ಗೋಲ್ಡ್ ಸಿಂಕ್: ಆಟದ ದುಡ್ಡು ಹರಿದುಹೋಗುವ ತೂತು

ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್ ಆಡುವವರ ಜೊತೆ ಸ್ವಲ್ಪ ಹೊತ್ತು ಕೂತರೆ ಈ ಪದ ಕಿವಿಗೆ ಬಿದ್ದೇ ಬೀಳುತ್ತದೆ. "ಅದು ಬರೀ ಗೋಲ್ಡ್ ಸಿಂಕ್ ಗುರು, ತಗೋಬೇಡ." ದುಡ್ಡು ದಂಡ ಅಂತ ಅರ್ಥ. ಆಡುವವರ ಬಾಯಲ್ಲಿ ಇದು ಹೆಚ್ಚುಕಮ್ಮಿ ಬೈಗುಳ. ಆಟ ಕಟ್ಟುವವರಿಗೆ ಮಾತ್ರ ಇದಿಲ್ಲದೆ ಬದುಕಿಲ್ಲ.

ಸಿಂಕ್ ಅಂದರೆ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತೇವಲ್ಲ, ಅದೇ. ಇದರ ಜೋಡಿ ಪದ ಫಾಸೆಟ್, ಅಂದರೆ ನಲ್ಲಿ. ನಲ್ಲಿಯಿಂದ ದುಡ್ಡು ಆಟದೊಳಗೆ ಬರುತ್ತದೆ, ಸಿಂಕಿನ ತೂತಿನಿಂದ ಹೊರಗೆ ಹೋಗುತ್ತದೆ. ಹಾಗೆ ಹೋದ ದುಡ್ಡು ಯಾರ ಜೇಬಿಗೂ ಬೀಳುವುದಿಲ್ಲ. ಸರ್ವರಿನಿಂದಲೇ ಅಳಿಸಿಹೋಗುತ್ತದೆ.

ಯಾಕೆ ಅಳಿಸಬೇಕು? ನಮ್ಮ ಊರಲ್ಲಿ ನಿಮಗೆ 100 ರೂಪಾಯಿ ಸಿಕ್ಕಿತು ಅಂದರೆ ಇನ್ಯಾರೋ ಅದನ್ನು ಕೊಟ್ಟಿರುತ್ತಾರೆ. ಆಟದಲ್ಲಿ ಹಾಗಲ್ಲ. ಒಂದು ಗಾಬ್ಲಿನ್, ಅಂದರೆ ಪುಟ್ಟ ರಾಕ್ಷಸನನ್ನು, ಹೊಡೆದಿರಿ, ಐದು ನಾಣ್ಯ ಉದುರಿತು. ಆ ಐದನ್ನು ಯಾರೂ ಕೊಟ್ಟಿಲ್ಲ, ಆ ಕ್ಷಣದಲ್ಲೇ ಹುಟ್ಟಿದ್ದು. ಸತ್ತ ಗಾಬ್ಲಿನ್ ಒಂದು ನಿಮಿಷದಲ್ಲಿ ಅದೇ ಜಾಗದಲ್ಲಿ ಎದ್ದು ನಿಂತಿರುತ್ತದೆ, ಇನ್ನೊಂದಿಷ್ಟು ನಾಣ್ಯ ಹೊತ್ತುಕೊಂಡು. ಅಂದರೆ ಪ್ರತಿ ಗಾಬ್ಲಿನ್ನೂ ಒಂದು ಟಂಕಸಾಲೆ. ಸಾವಿರಾರು ಜನ ಹಗಲೂ ರಾತ್ರಿ ಇದನ್ನೇ ಮಾಡುತ್ತಿದ್ದರೆ ಏನಾಗುತ್ತದೆ ಹೇಳಿ. ಹಳಬರ ಹತ್ತಿರ ಕೋಟಿ ಕೋಟಿ ಬಿದ್ದಿರುತ್ತದೆ, ಒಳ್ಳೆ ಕತ್ತಿಯ ಬೆಲೆ ಅವರ ಜೇಬಿಗೆ ತಕ್ಕಂತೆ ಏರುತ್ತದೆ, ನಿನ್ನೆ ಸೇರಿದವನು ಆ ಐದು ನಾಣ್ಯ ಹಿಡಿದುಕೊಂಡು ಪೇಟೆಯಲ್ಲಿ ಪಿಳಿಪಿಳಿ ನೋಡುತ್ತಾನೆ.

ರೂನ್‌ಸ್ಕೇಪ್ ತಗೊಳ್ಳಿ. 2001ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ಬ್ರೌಸರಿನಲ್ಲೇ ಓಡುತ್ತಿತ್ತು, ಹಾಗಾಗಿ ಸೈಬರ್ ಕೆಫೆಯ ಮುದಿ ಕಂಪ್ಯೂಟರಿನಲ್ಲೂ ಆಡಬಹುದಿತ್ತು. ನಾನೂ ಆಡಿದ್ದು ಹಾಗೇ. ಅದರಲ್ಲಿ ಹೈ ಆಲ್ಕೆಮಿ ಅಂತ ಒಂದು ಮಂತ್ರ ಇದೆ. ಒಂದು ನೇಚರ್ ರೂನ್, ಐದು ಫೈರ್ ರೂನ್ (ರೂನ್ ಅಂದರೆ ಮಂತ್ರಕ್ಕೆ ಬಳಸುವ ಕಲ್ಲು) ಖರ್ಚು ಮಾಡಿದರೆ ಕೈಯಲ್ಲಿರುವ ಸಾಮಾನು ಚಿನ್ನವಾಗುತ್ತದೆ. ಯೂ ಮರ ಕಡಿದು, ಬಿಲ್ಲು ಮಾಡಿ, ಹಗ್ಗ ಕಟ್ಟಿ, ಮಂತ್ರ ಹಾಕಿದರೆ ಒಂದು ಉದ್ದ ಬಿಲ್ಲಿಗೆ 768 ನಾಣ್ಯ. ಜನ ಟಿವಿ ನೋಡುತ್ತಾ, ಊಟ ಮಾಡುತ್ತಾ, ಒಂದೇ ಜಾಗದಲ್ಲಿ ಕ್ಲಿಕ್ ಮಾಡುತ್ತಾ ಸಾವಿರಗಟ್ಟಲೆ ಬಿಲ್ಲು ಕರಗಿಸುತ್ತಾರೆ. ಬಿಲ್ಲಿನ ಲೆಕ್ಕದಲ್ಲಿ ಇದು ಸಿಂಕ್, ದುಡ್ಡಿನ ಲೆಕ್ಕದಲ್ಲಿ ಪೂರ್ತಿ ತಿರುವಿಟ್ಟ ನಲ್ಲಿ.

ಇಲ್ಲೇ ಬಹಳ ಜನ ಎಡವುವುದು. ನೇಚರ್ ರೂನ್ ಕೊಳ್ಳಲು ನಾನು ದುಡ್ಡು ಕೊಟ್ಟೆನಲ್ಲ, ಅದು ಸಿಂಕ್ ಅಲ್ವಾ? ಅಲ್ಲ. ಅದು ಇನ್ನೊಬ್ಬ ಆಟಗಾರನಿಗೆ ಹೋಯಿತು. ಸಂತೆಯಲ್ಲಿ ಎಷ್ಟೇ ವ್ಯಾಪಾರ ನಡೆದರೂ ದುಡ್ಡು ಈ ಜೇಬಿನಿಂದ ಆ ಜೇಬಿಗೆ ಹೋಗುತ್ತದೆ ಅಷ್ಟೇ, ಊರಿನ ಒಟ್ಟು ದುಡ್ಡು ಕಮ್ಮಿಯಾಗುವುದಿಲ್ಲ. ನಿಮಗೆ ಖರ್ಚು ಅನಿಸಿದ್ದೆಲ್ಲ ಸಿಂಕ್ ಅಲ್ಲ. ದುಡ್ಡು ಆಟಕ್ಕೇ ಹೋದರೆ ಮಾತ್ರ ಸಿಂಕ್, ಅಂದರೆ ಆಟವೇ ಮುರಿದುಕೊಂಡರೆ, ಇಲ್ಲವೇ ಆಟವೇ ನಿಭಾಯಿಸುವ ಪಾತ್ರಕ್ಕೆ ಕೊಟ್ಟರೆ: ಅಂಗಡಿಯವನಿಗೆ, ಕವಚ ರಿಪೇರಿ ಮಾಡುವ ಕಮ್ಮಾರನಿಗೆ, ದೋಣಿಯವನಿಗೆ.

2006ರಲ್ಲಿ ರೂನ್‌ಸ್ಕೇಪ್‌ಗೆ ಮನೆ ಕಟ್ಟುವ ಕೆಲಸ ಬಂತು. ಮಹಾಗನಿ ದಿಮ್ಮಿ ತಗೊಂಡು ಕೊಯ್ಯುವವನ ಹತ್ತಿರ ಹೋದರೆ ಹಲಗೆಗೆ 1,500 ನಾಣ್ಯ. ಒಂದು ಮೇಜಿಗೆ ಆರು ಹಲಗೆ, ಅಂದರೆ ಕೊಯ್ಯಿಸುವ ಕೂಲಿಯೇ 9,000. ಜನ ಏನು ಮಾಡುತ್ತಿದ್ದರು ಗೊತ್ತಾ? ಮೇಜು ಮಾಡುವುದು, ಒಡೆಯುವುದು, ಮತ್ತೆ ಮಾಡುವುದು. ಒಡೆದರೆ ಹಲಗೆ ವಾಪಸ್ ಸಿಗುವುದಿಲ್ಲ. ಆದರೂ ಲೆವೆಲ್ ಏರುತ್ತದಲ್ಲ! ಹಲಗೆ ಹೊತ್ತು ತರಲು ಒಬ್ಬ ದೆವ್ವದ ಬಟ್ಲರ್, ಅವನಿಗೆ ಎಂಟು ಸಲದ ಓಡಾಟಕ್ಕೆ 10,000 ಸಂಬಳ ಬೇರೆ. ಇಷ್ಟು ದುಡ್ಡು ಸುರಿದು ಒಂದು ಮೇಜೂ ಉಳಿಯದ ಮನೆಯಲ್ಲಿ ನಿಂತು ಖುಷಿಪಡುವ ಜನರನ್ನು ನೋಡಿದರೆ ಆಟ ಕಟ್ಟಿದವನಿಗೆ ಎಷ್ಟು ಸಮಾಧಾನ ಆಗಿರಬೇಡ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನವರದು ಇನ್ನೊಂದು ದಾರಿ. ರಿಪೇರಿ ಖರ್ಚು, ಹರಾಜಿನಲ್ಲಿ 5% ಕಡಿತ, ಇವೆಲ್ಲ ಇದ್ದದ್ದೇ. ಅವರಿಗೆ ನಿಜವಾಗಿ ಕೈಹಿಡಿದದ್ದು ಶೋಕಿ. 2018ರಲ್ಲಿ ಬ್ರೂಟೋಸಾರ್ ಅಂತ ಒಂದು ದೈತ್ಯ ಪ್ರಾಣಿಯನ್ನು ಸವಾರಿಗೆ ಬಿಟ್ಟರು, ಬೆಲೆ 50 ಲಕ್ಷ ಚಿನ್ನ. ಬೆನ್ನ ಮೇಲೆ ಹರಾಜುದಾರ ಕೂತಿರುತ್ತಾನೆ, ಎಲ್ಲಿ ಬೇಕಾದರೂ ಅಂಗಡಿ ತೆರೆಯಬಹುದು. ಊರ ನಡುವೆ ಅದನ್ನು ನಿಲ್ಲಿಸಿದರೆ ಪಕ್ಕದವರಿಗೆ ಅಂಚೆ ಪೆಟ್ಟಿಗೆಯೂ ಕಾಣುವುದಿಲ್ಲ, ಮೆರೆಯುವುದು ಅಂದರೆ ಅದು. 2020ರಲ್ಲಿ ಮಾಮೂಲಿ ಮಾರಾಟ ನಿಲ್ಲಿಸುತ್ತೇವೆ ಅಂದಾಗ ಜನ ಇದ್ದಬದ್ದದ್ದೆಲ್ಲ ಮಾರಿ ಚಿನ್ನ ಹೊಂದಿಸಿದರು. ಕಥೆಯ ತಮಾಷೆ ಏನಪ್ಪಾ ಅಂದರೆ, 2024ರಲ್ಲಿ ಅದೇ ಜಾತಿಯ ಇನ್ನೊಂದು ಪ್ರಾಣಿಯನ್ನು ಕಂಪನಿ 90 ಡಾಲರಿಗೆ ಮಾರಿತು. ನಿಜವಾದ ಡಾಲರ್. ಅದರಿಂದ ಆಟದ ಚಿನ್ನ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗುವುದಿಲ್ಲ, ಹಾಗಾಗಿ ದಯವಿಟ್ಟು ಅದನ್ನು ಗೋಲ್ಡ್ ಸಿಂಕ್ ಅನ್ನಬೇಡಿ. ಅದು ಸುಮ್ನೆ ಅಂಗಡಿ.

ಸಿಂಕ್ ಸಾಲದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಕಥೆ ಡಯಾಬ್ಲೊ 2ರದ್ದು. 2000ರಲ್ಲಿ ಬಂದ ಆಟ. ಚಿನ್ನ ಕಾಲಿಗೆ ತಾಗುವಷ್ಟು ಬಿದ್ದಿರುತ್ತಿತ್ತು, ಆದರೆ ಅದರಿಂದ ಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಯಾರೂ ಬೆಲೆ ಕೊಡಲಿಲ್ಲ. ಆಗ ಆಟಗಾರರೇ ಬೇರೆ ನಾಣ್ಯ ಹುಡುಕಿಕೊಂಡರು: ಸ್ಟೋನ್ ಆಫ್ ಜೋರ್ಡನ್ ಅನ್ನುವ ಉಂಗುರ. ಚೀಲದಲ್ಲಿ ಒಂದೇ ಚೌಕ ಜಾಗ ಸಾಕು, ಎಲ್ಲರಿಗೂ ಬೇಕು, ಸುಲಭಕ್ಕೆ ಸಿಗುವುದಿಲ್ಲ. ನಾಣ್ಯಕ್ಕೆ ಇನ್ನೇನು ಬೇಕು? ಈ ಕವಚಕ್ಕೆ ಎರಡು ಜೋರ್ಡನ್, ಆ ಕೊಡಲಿಗೆ ಹತ್ತು, ಹೀಗೆ ವ್ಯಾಪಾರ. ಯಾವ ಕಂಪನಿಯೂ ಹೇಳಿದ್ದಲ್ಲ, ಯಾರೂ ಸಭೆ ಕರೆದದ್ದಲ್ಲ. ಆಮೇಲೆ ಕಳ್ಳದಾರಿಯಲ್ಲಿ ಉಂಗುರದ ನಕಲು ಮಾಡುವವರು ಹುಟ್ಟಿಕೊಂಡರು, ಖೋಟಾ ನೋಟಿನ ಹಾಗೆ, ಉಂಗುರವೂ ಅಗ್ಗವಾಯಿತು.

2003ರ 1.10 ಪ್ಯಾಚಿನಲ್ಲಿ, ಅಂದರೆ ಆಟದ ತಿದ್ದುಪಡಿಯಲ್ಲಿ, ಕಂಪನಿ ಅದಕ್ಕೊಂದು ಮದ್ದು ತಂದಿತು. ಉಂಗುರವನ್ನು ಆಟದ ಅಂಗಡಿಗೆ ಮಾರಿದರೆ ಪರದೆಯ ಮೇಲೆ ಲೆಕ್ಕ ಮೂಡುತ್ತದೆ, ಇಷ್ಟು ಜೋರ್ಡನ್ ವ್ಯಾಪಾರಿಗಳಿಗೆ ಮಾರಾಟವಾಗಿವೆ ಅಂತ. ಸಾಕಷ್ಟು ಮಾರಾಟವಾದ ಮೇಲೆ ಒಂದು ಮಹಾ ಡಯಾಬ್ಲೊ, ಅಂದರೆ ಆಟದ ಖಳ ರಾಕ್ಷಸನ ಇನ್ನೂ ಬಲಶಾಲಿ ರೂಪ, ಪ್ರತ್ಯಕ್ಷ. ಅವನನ್ನು ಕೊಂದರೆ ಬೇರೆಲ್ಲೂ ಸಿಗದ ತಾಯಿತ. ಜನ ತಾವೇ ತಮ್ಮ ನಾಣ್ಯ ತಂದು ಸಿಂಕಿಗೆ ಸುರಿದರು, ಅದೂ ಸಂಭ್ರಮದಿಂದ. ತೆರಿಗೆ ಅಂದಿದ್ದರೆ ಗಲಾಟೆ ಆಗುತ್ತಿತ್ತು. ರೂನ್‌ಸ್ಕೇಪ್‌ನ ಹಳೇ ರೂಪವಾದ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ 2021ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ 1% ತೆರಿಗೆ ಹಾಕಿದರು, ಬಂದ ದುಡ್ಡಿನ ಒಂದು ಪಾಲಿನಿಂದ ಸಾಮಾನು ಕೊಂಡು ಅಳಿಸುತ್ತಾರೆ. ಲೆಕ್ಕ ಸರಿಯಾಗೇ ಇದೆ. ಆದರೆ ಮಹಾ ಡಯಾಬ್ಲೊನ ಮಜಾ ಅದರಲ್ಲಿಲ್ಲ.

ಸಿಂಕನ್ನೇ ನಾಣ್ಯ ಮಾಡಿದವರೂ ಇದ್ದಾರೆ. ನ್ಯೂಜಿಲೆಂಡಿನ ಪಾತ್ ಆಫ್ ಎಕ್ಸೈಲ್ 2013ರಲ್ಲಿ ಬಂದಾಗ ಅದರಲ್ಲಿ ಚಿನ್ನವೇ ಇರಲಿಲ್ಲ. ಬದಲಿಗೆ ಕೇಆಸ್ ಆರ್ಬ್‌ನಂಥ ಗೋಲಿಗಳು. ಅಪರೂಪದ ಕತ್ತಿಯ ಮೇಲೆ ಒಂದನ್ನು ಬಳಸಿದರೆ ಕತ್ತಿಯ ಗುಣಗಳೆಲ್ಲ ಬದಲಾಗುತ್ತವೆ, ಗೋಲಿ ಮಾಯ. ಜನ ಇವನ್ನೇ ಕೊಟ್ಟು ತಗೊಂಡು ವ್ಯಾಪಾರ ಮಾಡುತ್ತಾರೆ. ಹೊಸಬ ಸಿಕ್ಕಿದ್ದನ್ನೆಲ್ಲ ಹಚ್ಚಿ ಮುಗಿಸುತ್ತಾನೆ, ಹಳಬ ಗಂಟು ಕಟ್ಟುತ್ತಾನೆ. ಹನ್ನೊಂದು ವರ್ಷ ಹೀಗೇ ನಡೆದು, 2024ರ ಜುಲೈನಲ್ಲಿ ಕೊನೆಗೂ ಚಿನ್ನ ತಂದರು. ಗೋಲಿಗಳನ್ನು ಅದಲುಬದಲು ಮಾಡುವ ಹೊಸ ಮಾರುಕಟ್ಟೆಯಲ್ಲಿ ಶುಲ್ಕ ಕಟ್ಟುವುದಕ್ಕೆ ಅದು ಬೇಕು. ಆದರೆ ಇನ್ನೊಬ್ಬ ಆಟಗಾರನಿಗೆ ಅದರಲ್ಲಿ ಒಂದು ಚೂರೂ ಕೊಡುವ ಹಾಗಿಲ್ಲ.